ಹೊಸ ಮೇಡಮ್ ನಕ್ಷೆಯ ಬಿಳಿ ಪಟ್ಟಿ

ಆಫೀಸಿನಲ್ಲಿ ಆಕೆಗೆ 'ಹೊಸ ಮೇಡಮ್' ಎಂದು ಹೆಸರು ಬಿದ್ದ ದಿನವೇ ನಾನು 'ಹಳೇ ಮೇಡಮ್' ಆಗಿಬಿಟ್ಟೆ. ಅದಕ್ಕೂ ಮೊದಲು ನಾನು ಬರೀ ಮೇಡಮ್ ಇದ್ದೆ. ಚಹಾ ತರುವವರಿಂದ ಹಿಡಿದು ಜೀಪಿನ ಡ್ರೈವರ್ ತನಕ ಎಲ್ಲರಿಗೂ ನಾನೊಬ್ಬಳೇ. ಆಕೆ ಪುಣೆಯ ಕೆಲಸ ಬಿಟ್ಟು ಬೆಳಗಾವಿಗೆ ಬಂದಳು, ನನ್ನ ಎದುರಿನ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟಳು, ನೋಡನೋಡುತ್ತಲೇ ನನ್ನ ಹೆಸರಿಗೆ ಒಂದು 'ಹಳೇ' ಅಂಟಿಕೊಂಡಿತು. ವಯಸ್ಸಿನಲ್ಲಿ ಆಕೆ ನನಗಿಂತ ಬಹಳ ಸಣ್ಣವಳೇನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು ಅನಿಸಿತು, ಹೇಳಿದ್ದೇನೆ.

ನಮ್ಮದು ಸಣ್ಣ ಸಂಸ್ಥೆ. ಉಪಗ್ರಹ ಕಳಿಸುವ ಚಿತ್ರಗಳನ್ನು ಇಟ್ಟುಕೊಂಡು ಕಾಡು ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ, ಬೇಸಿಗೆಯಲ್ಲಿ ಎಲ್ಲಿ ಸುಟ್ಟಿತು ಎಂದು ನಕ್ಷೆ ಮಾಡಿಕೊಡುತ್ತೇವೆ. ಸುಟ್ಟ ಜಾಗ ಹುಡುಕುವ ಉಪಾಯ ಕೇಳಲು ಸರಳ. ಹಸಿರು ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಸುಟ್ಟ ನೆಲ ಆ ಬೆಳಕನ್ನು ನುಂಗಿಬಿಡುತ್ತದೆ. ಬೆಂಕಿಗೆ ಮೊದಲಿನ ಒಂದು ಚಿತ್ರ, ಬೆಂಕಿಯ ನಂತರದ ಒಂದು ಚಿತ್ರ, ಎರಡನ್ನೂ ಒಂದರಿಂದೊಂದು ಕಳೆದರೆ ಸುಟ್ಟ ಜಾಗ ತಾನಾಗಿ ಎದ್ದು ಕಾಣುತ್ತದೆ. ನಾನು ಹೀಗೇ ಮಾಡುತ್ತ ಬಂದಿದ್ದೆ. ಮಾಡಿದ ಮೇಲೆ ಜೀಪು ಹತ್ತಿ ಹೋಗಿ, ಆ ಜಾಗದಲ್ಲಿ ನಿಂತು, ಬೂದಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಬರುತ್ತಿದ್ದೆ.

ಹೊಸ ಮೇಡಮ್ ಮುಟ್ಟಿ ನೋಡುವವಳಲ್ಲ. ಆಕೆ ಎರಡು ಚಿತ್ರ ಇಟ್ಟುಕೊಂಡು ಕೂಡುವವಳೂ ಅಲ್ಲ. ಇಡೀ ಬೇಸಿಗೆಯ ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಪೇರಿಸಿ, ನೆಲದ ಒಂದೊಂದು ತುಣುಕೂ ಯಾವ ದಿನ ಕಪ್ಪಾಯಿತು ಎಂದು ಕಂಪ್ಯೂಟರಿನಿಂದ ಹೇಳಿಸುತ್ತಿದ್ದಳು. ಮೊದಲು ಸುಟ್ಟದ್ದು ಹಳದಿ, ಆಮೇಲೆ ಸುಟ್ಟದ್ದು ಕಿತ್ತಳೆ, ಕೊನೆಗೆ ಸುಟ್ಟದ್ದು ಕಡುಗೆಂಪು. ಮೊದಲ ಸಲ ಅದನ್ನು ನೋಡಿದಾಗ ನಮ್ಮ ನಿರ್ದೇಶಕರು ಕುರ್ಚಿ ಎಳೆದುಕೊಂಡು ಆಕೆಯ ಬಾಜು ಕುಂತು, "ವಾಹ್! ಬೆಂಕಿ ನಡದದ್ದ ಕಾಣಸತೈತಲ್ರಿ!" ಎಂದರು. ಅವರು ನನ್ನ ಟೇಬಲಿನ ಹತ್ತಿರ ಯಾವತ್ತೂ ಕುರ್ಚಿ ಎಳೆದವರಲ್ಲ. ನಿಂತೇ ನೋಡಿ, "ಬರೋಬ್ಬರಿ ಐತಿ" ಎಂದು ಹೋಗುತ್ತಿದ್ದರು. ಸರಿಯಾಗಿದೆ ಎನ್ನುವ ಆ ಒಂದು 'ಬರೋಬ್ಬರಿ' ಇಷ್ಟು ವರ್ಷ ನನಗೆ ಸಾಕಾಗಿತ್ತು. ಅಂದಿನಿಂದ ಸಾಕಾಗಲಿಲ್ಲ.

ಸಂಜೆ ಶಿವಬಸವ ನಗರದ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ನಮ್ಮ ಯಜಮಾನರು, "ಇವತ್ತ ಏನ ಮಾಡಿದ್ಳು ನಿಮ್ಮ ಹೊಸ ಮೇಡಮ್?" ಎಂದು ಕೇಳುವ ರೂಢಿ ಬಿತ್ತು. ನಾನು ಹೇಳುತ್ತಿದ್ದೆ. ಆಕೆಯ ಡಬ್ಬಿಯ ಮೀನಿನ ಸಾರಿಗೆ ಇಡೀ ಆಫೀಸು ಕಾಯುವುದು, ಆಕೆ ಫೋನಿನಲ್ಲಿ ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಎಡವದೆ ಹಾರುವುದು, ಎಲ್ಲ. ಅವರು ಕೇಳಿ ಕೇಳಿ ಒಂದು ದಿನ, "ಅಲ್ಲ, ಆಕಿ ಕೆಟ್ಟಾಕಿ ಏನು?" ಎಂದರು. ಅಲ್ಲ ಎಂದೆ. ಅದೇ ತೊಂದರೆಯಾಗಿತ್ತು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆ ಬೇಸಿಗೆ ಖಾನಾಪುರದ ಪಶ್ಚಿಮಕ್ಕೆ ಒಂದು ಗುಡ್ಡದ ಇಳಿಜಾರು ಹಲವು ದಿನ ಉರಿಯಿತು. ಗುಡ್ಡದ ನೆತ್ತಿಯಲ್ಲಿ ಗೋವಾ ಕಡೆ ಹೋಗುವ ರಸ್ತೆ. ಬುಡದಲ್ಲಿ, ಹಳ್ಳದ ದಂಡೆಗೆ, ಕೆಲವೇ ಮನೆಗಳ ಒಂದು ಸಣ್ಣ ವಾಡಿ. ನಡುವೆ ಕಾಡು. ವಾಡಿಯ ಜನ ಬೇಸಿಗೆಯಲ್ಲಿ ಆ ಕಾಡಿನಿಂದ ಮುರುಗಲು ಹಣ್ಣು, ಜೇನು ತಂದು ಖಾನಾಪುರದ ಸಂತೆಗೆ ಒಯ್ಯುವವರು. ಬೆಂಕಿ ಹಚ್ಚಿದವರು ಅವರೇ ಎಂಬ ಮಾತು ಬೆಂಕಿ ಆರುವ ಮೊದಲೇ ಹುಟ್ಟಿತ್ತು. ಅದು ಖರೆ ಎಂದಾದರೆ ಮುಂದೆ ಅವರು ಕಾಡಿನೊಳಗೆ ಕಾಲಿಡುವಂತಿರಲಿಲ್ಲ. ಆ ಕಾಡಿನ ಉಸ್ತುವಾರಿ ಹೊತ್ತ ಅಧಿಕಾರಿ ನಮ್ಮ ಸಂಸ್ಥೆಗೆ ನಕ್ಷೆ ಕೇಳಿದರು. ಎಷ್ಟು ಸುಟ್ಟಿದೆ, ಎಲ್ಲಿಂದ ಶುರುವಾಗಿದೆ, ಎರಡೂ ಬೇಕು ಎಂದರು.

ನಿರ್ದೇಶಕರು ಇಬ್ಬರಿಗೂ ಹೇಳಿದರು. "ಇಬ್ರೂ ಬ್ಯಾರೆ ಬ್ಯಾರೆ ಮಾಡ್ರಿ. ಆಮ್ಯಾಲ ಕೂಡಿಸಿ ನೋಡೂಣು."

ಆ ದಿನಗಳಲ್ಲಿ ನಾನು ಪರೀಕ್ಷೆಗೆ ಕುಂತವಳ ಹಾಗೆ ಕೆಲಸ ಮಾಡಿದೆ. ಬೆಂಕಿಗೆ ಮೊದಲಿನ ಶುಭ್ರವಾದ ಚಿತ್ರ ಸುಲಭವಾಗಿ ಸಿಕ್ಕಿತು. ನಂತರದ್ದು ಸಿಗಲಿಲ್ಲ. ಒಂದರಲ್ಲಿ ಹೊಗೆ, ಇನ್ನೊಂದರಲ್ಲಿ ಮೋಡ. ಕೊನೆಗೆ ಒಂದು ಒಳ್ಳೆಯ ಚಿತ್ರ ಸಿಕ್ಕಿತು, ಆದರೆ ಅಷ್ಟರೊಳಗೆ ಬೇಸಿಗೆಯ ಒಂದು ಅಡ್ಡಮಳೆ ಬಂದುಹೋಗಿತ್ತು. ಇರಲಿ ಎಂದು ಅದನ್ನೇ ಹಿಡಿದೆ. ವಾಡಿಯ ಸುತ್ತ ದೊಡ್ಡದೊಂದು ಕಪ್ಪು ಕಲೆ ಎದ್ದಿತು. ರಸ್ತೆಯ ಕೆಳಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಗೆರೆ ಸ್ಪಷ್ಟವಾಗಿತ್ತು, ಅಂಚು ಹರಿತವಾಗಿತ್ತು. ನನ್ನ ಕೆಲಸ ನನಗೇ ಚಂದ ಕಂಡಿತು.

ಹೊಸ ಮೇಡಮ್ ನಕ್ಷೆ ಬೇರೆ ಮಾತು ಹೇಳುತ್ತಿತ್ತು. ಆಕೆಯ ಹಳದಿ ಮೇಲೆ, ರಸ್ತೆಯ ಅಂಚಿಗೆ ಇತ್ತು. ಕಡುಗೆಂಪು ಕೆಳಗೆ, ವಾಡಿಯ ಹತ್ತಿರ. ಅಂದರೆ ಬೆಂಕಿ ಮೇಲಿನಿಂದ ಕೆಳಗೆ ಇಳಿದಿದೆ. ಮೇಲಿನ ಹುಲ್ಲು ಮೊದಲೇ ಸುಟ್ಟು, ಮಳೆಗೆ ಮತ್ತೆ ಚಿಗುರಿ, ನನ್ನ ಚಿತ್ರ ಬರುವ ಹೊತ್ತಿಗೆ ಹಸಿರಾಗಿಬಿಟ್ಟಿದೆ ಎಂದು ಆಕೆಯ ವಾದ. ಆದರೆ ಗುಡ್ಡದ ಸೊಂಟಕ್ಕೆ ಅಡ್ಡಲಾಗಿ ಆಕೆಯ ನಕ್ಷೆಯಲ್ಲಿ ಒಂದು ಬಿಳಿ ಪಟ್ಟಿ ಇತ್ತು. ಅಲ್ಲಿ ಬಣ್ಣವೇ ಇಲ್ಲ. ಬೆಂಕಿ ಆ ಪಟ್ಟಿಯಲ್ಲಿದ್ದ ದಿನಗಳ ಚಿತ್ರಗಳೆಲ್ಲ ಹೊಗೆಯಿಂದ ಮುಚ್ಚಿದ್ದವು. ಕಂಪ್ಯೂಟರ್ ಏನೂ ಹೇಳಲಾಗದೆ ಖಾಲಿ ಬಿಟ್ಟಿತ್ತು.

ಆ ಬಿಳಿ ಪಟ್ಟಿ ನೋಡಿದಾಗ ನನಗೆ ಆದ ಸಂತೋಷವನ್ನು ಬಣ್ಣಿಸಲಾರೆ. ಹಬ್ಬದ ದಿನ ಎದುರು ಮನೆಯವರ ಹೋಳಿಗೆ ತಳ ಹಿಡಿದ ವಾಸನೆ ಬಂದಂತೆ ಇತ್ತು.

ಎರಡೂ ನಕ್ಷೆಗಳನ್ನು ಹಿಡಿದುಕೊಂಡು ಖಾನಾಪುರಕ್ಕೆ ಹೋದೆವು. ಅಧಿಕಾರಿ ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. ಆಕೆಯ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಮೇಡಮ್. ಆದ್ರೆ ಬೆಂಕಿ ಗುಡ್ಡ ಹತ್ತುತ್ತೆ, ಇಳಿಯೋದು ಕಮ್ಮಿ. ಮೇಲೊಂದು ಸಣ್ಣ ಬೆಂಕಿ ಬಿದ್ದಿರಬಹುದು. ಕೆಳಗಿನದು ಬೇರೆ, ದೊಡ್ಡದು. ನಡುವೆ ಈ ಬಿಳಿ ಜಾಗ ಇದೆಯಲ್ಲ, ಎರಡೂ ಸೇರಿವೆ ಅಂತ ಹೇಗೆ ಹೇಳ್ತೀರಿ?"

"ಸರ್, ತಾರೀಕಿನ ಕ್ರಮ ನೋಡಿದ್ರ..." ಎಂದು ಆಕೆ ಶುರುಮಾಡಿದಳು.

"ಕ್ರಮ ಸರಿ. ಕೊಂಡಿ ಎಲ್ಲಿದೆ?"

ಅಧಿಕಾರಿ ನನ್ನ ನಕ್ಷೆಯ ಮೇಲೆ ಬೆರಳಿಟ್ಟರು. "ಇದು ಸ್ಪಷ್ಟವಾಗಿದೆ. ಹೆಚ್ಚು ಸುಟ್ಟಿರೋದು ವಾಡಿ ಪಕ್ಕ. ಶುರುವೂ ಅಲ್ಲೇ ಅನ್ಸುತ್ತೆ."

ನಿರ್ದೇಶಕರು ನನ್ನ ಕಡೆ ತಿರುಗಿ, "ನಮ್ಮ ಮೇಡಮ್ರ ಕೆಲಸ ಯಾವಾಗಲೂ ಹಿಂಗ ರೀ ಸರ್, ಪಕ್ಕಾ," ಎಂದರು. 'ಹಳೇ' ಇಲ್ಲದ ಮೇಡಮ್. ಎಷ್ಟು ದಿನಗಳ ಮೇಲೆ ಕೇಳಿದ ಮಾತು! ಹೊಸ ಮೇಡಮ್ ತನ್ನ ನಕ್ಷೆಯನ್ನು ಸುರುಳಿ ಸುತ್ತುತ್ತಿದ್ದಳು. ಆಕೆಯ ಕೈ ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಯ ವರದಿಗೆ ಅಧಿಕಾರಿ ಒಂದು ವಾರ ಟೈಮ್ ಕೊಟ್ಟರು. ನಾನೇ ಮುಂದಾಗಿ ಹೇಳಿದೆ: "ನಾ ಹೋಗಿ ಆ ಬಿಳಿ ಪಟ್ಟಿ ನಡದ ನೋಡಿ ಬರ್ತೀನ್ರಿ ಸರ್." ನಿಷ್ಠೆಯಿಂದ ಹೇಳಿದ ಹಾಗೆ ಕೇಳಿಸಿರಬೇಕು. ಆಕೆಯ ನಕ್ಷೆ ತಪ್ಪು ಎನ್ನುವುದಕ್ಕೆ ನೆಲದ ಮೇಲಿನ ಸಾಕ್ಷಿ ತರಬೇಕೆಂದೇ ಹೊರಟವಳು ನಾನು.

ನನ್ನ ಜತೆ ಕಾಡಿನ ವಾಚರ್ ಒಬ್ಬರನ್ನು ಕಳಿಸಿದರು. ದಾರಿ ವಾಡಿಯನ್ನು ಹಾದೇ ಹೋಗುತ್ತಿತ್ತು. ಅಲ್ಲಿ ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ತಂಬಿಗೆ ತಿರುಗಿ ಇಸಿದುಕೊಳ್ಳುವಾಗ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು:

"ಅಕ್ಕಾರ, ಇನ್ನ ಮ್ಯಾಲ ನಮ್ಮನ್ನ ಕಾಡಿಗೆ ಬಿಡೂದಿಲ್ಲಂತಲ್ರಿ. ಖರೇ ಏನ್ರಿ?"

"ಇನ್ನೂ ಏನೂ ಆಗಿಲ್ಲವಾ," ಎಂದೆ.

"ನಮ್ಮ ಮನಿ ಬಾಜೂಕ ನಾವ ಬೆಂಕಿ ಹಚ್ಚತೀವೇನ್ರಿ? ನನ್ನ ದನದ ಕೊಟಗಿ ಅರ್ಧ ಸುಟ್ಟೈತಿ, ನೋಡ ಬರ್ರಿ."

ವಾಚರ್, "ಬಿಡವಾ, ಮೇಡಮ್ರಿಗೆ ಬಿಸಲ ಏರತೈತಿ," ಎಂದು ಕರೆದುಕೊಂಡು ಹೊರಟರು. ಅರ್ಧ ಸುಟ್ಟ ಕೊಟ್ಟಿಗೆ ದಾರಿಯಲ್ಲೇ ಇತ್ತು, ನೋಡದೆ ಹೋಗಲು ಆಗುವಂತಿರಲಿಲ್ಲ.

ಸುಟ್ಟ ಕಾಡಿಗೆ ಬೆಂಕಿ ಯಾವ ಕಡೆಯಿಂದ ಬಂತು ಎಂದು ತಿಳಿಯುವ ಗುರುತುಗಳಿವೆ. ಹಿಂದೆ ಒಂದು ತರಬೇತಿಯಲ್ಲಿ ಕಲಿತದ್ದು, ಬಳಸಿ ಬಳಸಿ ರೂಢಿಯಾದದ್ದು. ಬೆಂಕಿ ಗುಡ್ಡ ಹತ್ತಿ ಓಡಿದ್ದರೆ ಜೋರಿನಲ್ಲಿ ಓಡಿರುತ್ತದೆ. ಆಗ ಮರದ ಮೇಲ್ಬದಿಗೆ, ಅಂದರೆ ಗುಡ್ಡದ ನೆತ್ತಿಯ ಕಡೆಯ ತೊಗಟೆಗೆ, ಕಪ್ಪು ಎತ್ತರಕ್ಕೆ ಏರಿರುತ್ತದೆ. ತುದಿಯ ಎಲೆ ಕೂಡ ಕಾದು ಕಂದಾಗಿರುತ್ತದೆ. ಬೆಂಕಿ ಗುಡ್ಡ ಇಳಿದಿದ್ದರೆ ಅದು ಮೆಲ್ಲಗೆ ತೆವಳುತ್ತದೆ. ಕಪ್ಪು ಮೊಣಕಾಲಿನ ಮಟ್ಟದಲ್ಲೇ ನಿಲ್ಲುತ್ತದೆ. ಕಲ್ಲಿಗೆ ಬೆಂಕಿ ಬಂದ ಕಡೆಯ ಮೈಗೆ ಮಸಿ ಹಿಡಿದಿರುತ್ತದೆ. ಅರ್ಧ ಸುಟ್ಟ ಹುಲ್ಲಿನ ಕಡ್ಡಿಗಳು ಬೆಂಕಿ ಬಂದ ದಿಕ್ಕಿಗೇ ತಲೆ ಹಾಕಿ ಬಿದ್ದಿರುತ್ತವೆ.

ಬಿಳಿ ಪಟ್ಟಿಯ ಜಾಗಕ್ಕೆ ಮುಟ್ಟಿದಾಗ ಜಿಪಿಎಸ್ ತೆಗೆದು, ಮೊದಲ ಮತ್ತಿ ಮರದ ಹತ್ತಿರ ನಿಂತೆ. ಕಪ್ಪು ಮೊಣಕಾಲಿನ ಮಟ್ಟಕ್ಕಿತ್ತು. ಸುತ್ತ ಸಮನಾಗಿ. ತಲೆ ಎತ್ತಿ ನೋಡಿದೆ, ತುದಿಯ ಎಲೆಗೆ ಏನೂ ಆಗಿರಲಿಲ್ಲ. ಒಂದು ಮರದಿಂದ ಏನಾಗುತ್ತದೆ ಎಂದುಕೊಂಡು ಮುಂದೆ ಹೋದೆ. ಎರಡನೆಯದೂ ಹಾಗೇ. ಅದರ ಬುಡದಲ್ಲಿ ಒಂದು ದೊಡ್ಡ ಕಲ್ಲಿತ್ತು. ರಸ್ತೆಯ ಕಡೆಯ ಮೈ ಕರ್ರಗೆ, ವಾಡಿಯ ಕಡೆಯ ಮೈ ಬೆಳ್ಳಗೆ. ಸುತ್ತಿ ಬಂದು ಇನ್ನೊಮ್ಮೆ ನೋಡಿದೆ, ಹಾಗೆ ಸುತ್ತಿದರೆ ಬದಲಾಗುತ್ತದೆ ಎಂಬಂತೆ.

"ಮೇಡಮ್ರ, ಸಾಹೇಬ್ರು ಹೇಳ್ಯಾರಲ್ರಿ, ವಾಡಿಯವ್ರ ಕೆಲಸಂತ," ವಾಚರ್ ನೆರಳಿಗೆ ಕುಂತು ಅಂದರು. "ಮತ್ತ ಕಲ್ಲ ಸುತ್ತ ಯಾಕ ತಿರಗತೀರಿ? ಊಟದ ಹೊತ್ತಾತು."

"ಊಟ ಮಾಡ್ರಿ ನೀವು. ನಾ ಇನ್ನೊಂದೀಟು ನೋಡ್ತೀನಿ."

ಪಟ್ಟಿಯ ಉದ್ದಕ್ಕೂ ನಡೆದೆ. ಎಲ್ಲಾದರೂ ಒಂದು ಮರ, ಒಂದೇ ಒಂದು ಮರ, ಬೆಂಕಿ ಕೆಳಗಿನಿಂದ ಬಂತು ಎಂದು ಹೇಳಲಿ ಎಂದು ಹುಡುಕಿದೆ. ಕಡೆಗೆ ಮಂಡಿ ಊರಿ ಕುಂತು ಹುಲ್ಲು ನೋಡಿದೆ. ಸುಡದೆ ಉಳಿದ ಕಡ್ಡಿಗಳೆಲ್ಲ ರಸ್ತೆಯ ಕಡೆಗೆ ತಲೆ ಮಾಡಿ ಮಲಗಿದ್ದವು. ಯಾರೋ ಬಾಚಣಿಗೆಯಲ್ಲಿ ಬಾಚಿದ ಹಾಗೆ, ಒಂದೇ ದಿಕ್ಕಿಗೆ. ಬೆಂಕಿ ಮೇಲಿನಿಂದ ಇಳಿದಿತ್ತು. ಮೇಲಿನದೂ ಕೆಳಗಿನದೂ ಒಂದೇ ಬೆಂಕಿ. ಹೊಸ ಮೇಡಮ್ ಬೆಳಗಾವಿಯಲ್ಲಿ ಫ್ಯಾನಿನ ಕೆಳಗೆ ಕುಂತು ಹೇಳಿದ್ದು ಅಕ್ಷರಶಃ ಖರೆಯಾಗಿತ್ತು. ಅದನ್ನು ಸಾಬೀತು ಮಾಡಲು ಮೈಯೆಲ್ಲ ಮಸಿ ಮಾಡಿಕೊಂಡು ಗುಡ್ಡ ಹತ್ತಿದವಳು ನಾನಾಗಿದ್ದೆ.

ಆ ಹೊತ್ತಿನಲ್ಲಿ ನನಗೆ ವಾಡಿಯ ಜನ ನೆನಪಾಗಲಿಲ್ಲ. ಆಕೆ ಖುಷಿಯಿಂದ ಲ್ಯಾಪ್‌ಟಾಪಿನ ಮೇಲೆ ಬೆರಳು ಆಡಿಸುವುದು ನೆನಪಾಯಿತು, ನಿರ್ದೇಶಕರು ಕುರ್ಚಿ ಎಳೆಯುವ ಸಪ್ಪಳ ನೆನಪಾಯಿತು. ಹೊಟ್ಟೆಕಿಚ್ಚು ಅನ್ನುವುದಕ್ಕೆ ನಮ್ಮ ಭಾಷೆ ಸುಮ್ಮನೆ ಆ ಹೆಸರು ಇಟ್ಟಿಲ್ಲ. ಎದೆಯ ಕೆಳಗೆ ಖರೇನೇ ಉರಿಯುತ್ತದೆ.

ಆದರೂ ಫೋಟೋ ತೆಗೆದೆ. ಕಲ್ಲು, ಮರ, ಹುಲ್ಲು, ಒಂದೊಂದರ ಪಕ್ಕದಲ್ಲೂ ದಿಕ್ಸೂಚಿ ಇಟ್ಟು ತೆಗೆದೆ. ಕೈಗೆ ರೂಢಿ ಇತ್ತು, ಮನಸ್ಸಿನ ಅಪ್ಪಣೆ ಬೇಕಾಗಲಿಲ್ಲ.

ಇಳಿದು ಬಂದು ಖಾನಾಪುರದ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ಕುಂತೆ. ವಾಚರ್ ಎದುರಿಗೇ ಇದ್ದರು. ಅವರು ನೋಡಿದ್ದು ನಾನು ಕಲ್ಲು ಸುತ್ತಿದ್ದನ್ನಷ್ಟೇ. ಚಿತ್ರಗಳು ನನ್ನ ಕ್ಯಾಮೆರಾದಲ್ಲಿದ್ದವು, ಅರ್ಥ ನನ್ನ ತಲೆಯಲ್ಲಿತ್ತು. ಮಳೆಗಾಲ ಹಿಡಿದರೆ ಆ ಹುಲ್ಲಿನ ಕಡ್ಡಿ ಕೊಳೆತುಹೋಗುತ್ತದೆ, ಕಲ್ಲಿನ ಮಸಿ ತೊಳೆದುಹೋಗುತ್ತದೆ. 'ಗುರುತು ಸ್ಪಷ್ಟವಿಲ್ಲ' ಎಂದು ಎರಡು ಶಬ್ದ ಬರೆದರೆ ಮುಗಿಯಿತು. ನನ್ನ ನಕ್ಷೆ ನಿಲ್ಲುತ್ತದೆ, ಆಕೆಯ ನಕ್ಷೆ ಬೀಳುತ್ತದೆ, ಯಾರೂ ನನ್ನನ್ನು ಸುಳ್ಳಿ ಎನ್ನುವುದಿಲ್ಲ. ಚಹಾ ಆರುವ ತನಕ ಆ ಎರಡು ಶಬ್ದಗಳನ್ನು ಬಾಯಿಯಲ್ಲಿ ಹೊರಳಾಡಿಸಿದೆ. ಆಗ ಬಂತು ನೆನಪು, ತಂಬಿಗೆ ಇಸಿದುಕೊಂಡ ಕೈ. ಆ ಕೈಗೆ ಕೊಡಬೇಕಾದ ಉತ್ತರವನ್ನು ನಾನು ಹೊಸ ಮೇಡಮ್ ಬಾಜು ಎಳೆದ ಕುರ್ಚಿಗೆ ಕಟ್ಟಿಹಾಕಿ ಕುಂತಿದ್ದೆ.

"ಸೀದಾ ಆಫೀಸಿಗೆ ನಡೀರಿ," ಎಂದು ಡ್ರೈವರಿಗೆ ಹೇಳಿದೆ. ಮನೆಗೆ ಹೋಗಿ ಒಂದು ರಾತ್ರಿ ಕಳೆದರೆ ಮನಸ್ಸು ತಿರುಗಬಹುದು ಎಂಬ ಹೆದರಿಕೆ ಇತ್ತು.

ಹೊಸ ಮೇಡಮ್ ಇನ್ನೂ ಇದ್ದಳು. ಕ್ಯಾಮೆರಾ ಆಕೆಯ ಟೇಬಲ್ ಮೇಲಿಟ್ಟೆ.

"ನಿಮ್ಮ ಬಿಳಿ ಪಟ್ಟಿಯೊಳಗಿನ ಗುರುತು ಇದರಾಗ ಅದಾವು. ಬೆಂಕಿ ಮ್ಯಾಲಿಂದ ಇಳದೈತಿ. ನೀವು ಹೇಳಿದ್ದ ಬರೋಬ್ಬರಿ ಐತಿ."

ಆ ಮಾತು ಹೇಳಲು ದಾರಿಯುದ್ದಕ್ಕೂ ತಯಾರಿ ಮಾಡಿದ್ದೆ. ಆಕೆ ಎದ್ದು ನನ್ನ ಕೈ ಹಿಡಿಯಬಹುದು, ಕಣ್ಣಲ್ಲಿ ನೀರು ತಂದುಕೊಳ್ಳಬಹುದು, ಅದಕ್ಕೆ ನಾನು ದೊಡ್ಡ ಮನಸ್ಸಿನಿಂದ ಏನಾದರೂ ಅನ್ನಬೇಕು, ಹೀಗೆಲ್ಲ. ಆಕೆ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಜಿಪಿಎಸ್ ನೋಡಿದಳು.

"ಮೇಡಮ್ರ, ಇವೆಲ್ಲ ಡಿಗ್ರಿ-ಮಿನಿಟದಾಗ ಅದಾವಲ್ರಿ," ಎಂದಳು. "ದಶಮಾಂಶದಾಗ ಮಾಡಿ ಕೊಡ್ತೀರೇನ್ರಿ? ನನ್ನ ಪ್ರೋಗ್ರಾಮಿಗೆ ಹಂಗ ಬೇಕು."

ಮಾಡಿ ಕೊಟ್ಟೆ. ನನ್ನ ಟೇಬಲಿಗೆ ಹೋಗಿ ಕುಂತು, ಒಂದೊಂದನ್ನೂ ದಶಮಾಂಶಕ್ಕೆ ತಿರುಗಿಸಿ ಕೊಟ್ಟೆ. ಆಕೆ ಅವನ್ನು ಬಿಳಿ ಪಟ್ಟಿಯಲ್ಲಿ ನೀಲಿ ಬಾಣಗಳಾಗಿ ಕೂಡಿಸಿದಳು. ಬಾಣಗಳು ಹಳದಿಯಿಂದ ಕೆಂಪಿನ ಕಡೆಗೆ ಸಾಲಾಗಿ ಇಳಿದವು. ಏನೆಂದು ಹೇಳಲಿ, ನೀಲಿ ಬಣ್ಣ ಆರಿಸಿದ್ದು ಕೂಡ ಸರಿಯಾಗಿತ್ತು. ನಾನಾಗಿದ್ದರೆ ಕಪ್ಪು ಹಾಕುತ್ತಿದ್ದೆ.

ಎರಡನೇ ಸಭೆಯಲ್ಲಿ ಆಕೆಯೇ ವಿವರಿಸಿದಳು. ಬಿಳಿ ಪಟ್ಟಿಗೆ ಬಂದಾಗ, "ಈ ಬಾಣ ಹಳೇ ಮೇಡಮ್ರು ನಡದ ತಂದದ್ದು ಸರ್," ಎಂದುಬಿಟ್ಟಳು. ನಿರ್ದೇಶಕರು ನಕ್ಕರು. ತಪ್ಪು ಹೊಳೆದು ಆಕೆ ನಾಲಿಗೆ ಕಚ್ಚಿಕೊಂಡಳು. ನಾನೂ ನಕ್ಕೆ, ಬೇರೆ ಏನು ಮಾಡಲಿ.

ಅಧಿಕಾರಿ ನಗಲಿಲ್ಲ. ನನ್ನ ಹಳೆಯ ನಕ್ಷೆಯನ್ನು ತೆಗೆದು ಪಕ್ಕದಲ್ಲಿ ಹರಡಿದರು.

"ಹಾಗಾದ್ರೆ ಇದೇನು ಮೇಡಮ್? ಹೋದ ವಾರ ನಾನು ಇದನ್ನೇ ನಂಬಿದ್ದೆ. ಇದು ತಪ್ಪಾ?"

ಎಲ್ಲರೂ ನನ್ನ ಕಡೆ ನೋಡಿದರು. ಹೊಸ ಮೇಡಮ್ ಕೂಡ. ಆಕೆ ಏನಾದರೂ ನನ್ನ ಪರವಾಗಿ ಹೇಳುತ್ತಾಳೇನೋ ಎಂದು ಹೆದರಿ ನಾನೇ ಬೇಗ ಬಾಯಿ ತೆಗೆದೆ.

"ತಪ್ಪಲ್ರಿ ಸರ್. ಆ ಚಿತ್ರ ತಗೊಂಡ ದಿನ ಏನ ಕಪ್ಪಿತ್ತೋ ಅದನ್ನ ತೋರಸತೈತಿ. ಬೆಂಕಿ ಎಲ್ಲಿಂದ ಬಂತಂತ ಅದಕ್ಕ ಗೊತ್ತಿಲ್ಲ. ಆ ಪ್ರಶ್ನಿಗೆ ಉತ್ತರ ಇವರ ನಕಾಶಿಯೊಳಗ ಐತಿ. ರಿಪೋರ್ಟಿಗೆ ಇವರದನ್ನ ಹಾಕ್ರಿ. ನಂದನ್ನ ಬಿಡ್ರಿ."

ಅಧಿಕಾರಿ ಬಾಣಗಳನ್ನು ಇನ್ನೊಮ್ಮೆ ನೋಡಿದರು, ಫೋಟೋಗಳನ್ನು ಕೇಳಿದರು, ಕಲ್ಲಿನ ಫೋಟೋದಲ್ಲಿ ದಿಕ್ಸೂಚಿಯ ಮುಳ್ಳು ಎತ್ತ ಇದೆ ಎಂದು ಸ್ವತಃ ಓದಿದರು. ಆಮೇಲೆ, "ನಾಳೆ ನಾನೂ ಹತ್ತಿ ನೋಡ್ತೀನಿ. ಬರ್ತೀರಾ?" ಎಂದರು. ಹೋದೆ. ನೋಡಿದರು. ರಸ್ತೆಯ ಪಕ್ಕದಲ್ಲಿ, ಹಳದಿ ಶುರುವಾಗುವ ಜಾಗದಲ್ಲಿ, ಮೂರು ಕಲ್ಲಿನ ಒಲೆಯ ಗುರುತಿತ್ತು. ದಾರಿಯಲ್ಲಿ ಹೋಗುವ ಯಾರೋ ಅಡುಗೆ ಮಾಡಿಕೊಂಡು ಹೋಗಿದ್ದರು. ಯಾರು ಎಂದು ಯಾವ ಉಪಗ್ರಹವೂ ಹೇಳಲಾರದು. ವಾಡಿಯವರ ಮೇಲಿನ ಮಾತು ಅಲ್ಲಿಗೆ ಬಿತ್ತು. ಮುಂದಿನ ಬೇಸಿಗೆಗೆ ಕಾವಲು ವಾಡಿಯ ಬದಲು ರಸ್ತೆಯ ಅಂಚಿಗೆ ಎಂದು ತೀರ್ಮಾನವಾಯಿತು.

ವರದಿಯ ಮುಖಪುಟಕ್ಕೆ ಆಕೆಯ ನಕ್ಷೆ ಬಂತು. ಅದನ್ನು ತೋರಿಸಲು ಆಕೆಯನ್ನು ಬೆಂಗಳೂರಿನ ಒಂದು ಕಾರ್ಯಾಗಾರಕ್ಕೆ ಕರೆದರು. ಮನೆಯಲ್ಲಿ ಯಜಮಾನರು, "ನಿನಗ ಬ್ಯಾಸರ ಆಗಿಲ್ಲೇನು?" ಎಂದು ಕೇಳಿದರು. ಆಗಿದೆ ಎಂದೆ. ಒಳ್ಳೆಯ ಕೆಲಸ ಮಾಡಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎರಡೂ ಬೇರೆ ಬೇರೆ ಒಲೆ ಎಂದು ಕಾಣುತ್ತದೆ.

ಆಕೆ ಬೆಂಗಳೂರಿನಿಂದ ಬಂದ ಮೇಲೆ, ಮಳೆಗಾಲಕ್ಕೆ ಮೊದಲು, ಅಧಿಕಾರಿಯ ಮಾತಿನಂತೆ ನಾವಿಬ್ಬರೂ ವಾಡಿಗೆ ಹೋಗಿ ನಕ್ಷೆಯನ್ನು ಜನರಿಗೆ ತಿಳಿಸಿ ಹೇಳಿದೆವು. ತಿಳಿಸಿದ್ದು ಆಕೆಯೇ. ವಾಡಿಯ ಮಾತು ಮರಾಠಿ. ಆಕೆ ಮೂಲತಃ ಖಾನಾಪುರದ ಹುಡುಗಿ, ಆಕೆಯ ಮನೆಯ ಮಾತೂ ಅದೇ, ಹೆಂಗಸರೆಲ್ಲ ಆಕೆಯನ್ನು ಸುತ್ತಿಕೊಂಡರು. ನಂದಗಡದಲ್ಲಿ ಬೆಳೆದ ನನ್ನ ಮರಾಠಿ ಸಂತೆಗೆ ಸಾಕು, ನಕ್ಷೆಗೆ ಸಾಲದು. ನಾನು ಕಾಗದದ ಒಂದು ತುದಿ ಹಿಡಿದು ನಿಂತೆ. ನೀರು ಕೊಟ್ಟಿದ್ದ ಹೆಂಗಸು ಮುಂದೆ ಬಂದು ಕೆಂಪು ಬಣ್ಣದ ಮೇಲೆ ಬೆರಳಿಟ್ಟು, ತನ್ನ ಕೊಟ್ಟಿಗೆ ಎಲ್ಲಿ ಎಂದು ಹುಡುಕಿ, ಸಿಕ್ಕಾಗ ಎಲ್ಲರನ್ನೂ ಕರೆದು ತೋರಿಸಿದಳು. ಹೊರಡುವಾಗ ಕವಳಿ ಹಣ್ಣು ತುಂಬಿದ ಎಲೆಯ ದೊನ್ನೆ ತಂದು ಹೊಸ ಮೇಡಮ್ ಕೈಗೆ ಕೊಟ್ಟಳು. "ಇವತ್ತ ಮುಂಜಾನೆ ಕಾಡಿನಾಗಿಂದ ತಂದೀನ್ರಿ," ಎಂದಳು. ನನ್ನ ಕಡೆ ನೋಡಿ ನಕ್ಕಳು. ಆಕೆಗೆ ನನ್ನ ನೆನಪು ಇತ್ತೋ ಇಲ್ಲವೋ, ಗೊತ್ತಾಗಲಿಲ್ಲ.

ಜೀಪಿನಲ್ಲಿ ಹೊಸ ಮೇಡಮ್ ದೊನ್ನೆಯನ್ನು ನಮ್ಮಿಬ್ಬರ ನಡುವೆ ಇಟ್ಟಳು. "ತಗೋರಿ ಮೇಡಮ್. ನೀವು ಆ ಗುಡ್ಡ ಹತ್ತಲಿಲ್ಲಂದ್ರ ನನ್ನ ನಕಾಶಿ ಬಿದ್ದಹೋಗತಿತ್ತು. ಆವತ್ತ ಹೇಳಾಕ ಬಾಯಿ ಬರಲಿಲ್ಲ."

ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಆಕೆಯ ಕೈಗೆ ಕೊಟ್ಟ ಹಣ್ಣು, ಹುಳಿ ಇರಲಿ ಎಂದು ಬಯಸಿದ್ದೆ. ಇನ್ನೊಂದು ತೆಗೆದುಕೊಂಡೆ. ಖಾನಾಪುರ ಬರುವುದರೊಳಗೆ ಅರ್ಧ ದೊನ್ನೆ ಖಾಲಿ ಮಾಡಿದೆ. ಒಂದೂ ಹುಳಿ ಇರಲಿಲ್ಲ.